ತಾತನ ತಾಯಿಯ ಹೆಸರೇನು?



ನಿಮ್ಮ ತಂದೆಯ ಹೆಸರು ಗೊತ್ತು, ತಾತನ ಹೆಸರೂ ಗೊತ್ತು. ತಾತನ ತಾಯಿಯ ಹೆಸರೇನು ಎಂದು ಕೇಳಿದರೆ? ನಿಮ್ಮಲ್ಲಿ ಬಹುಮಂದಿ ಸುಮ್ಮನಾಗುತ್ತೀರಿ. ರಾಜರ ವಂಶಾವಳಿಯನ್ನು ಶಾಸನಗಳು ಹೇಳುತ್ತವೆ. ರೈತನ ವಂಶಾವಳಿಯನ್ನು ಕಲ್ಲಿನಲ್ಲಿ ಕೆತ್ತಿಸುವವರು ಯಾರು? ಇಂಗ್ಲೆಂಡಿನಲ್ಲಿ 1538ರಿಂದಲೇ ಊರಿನ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡತೊಡಗಿದವು. ಹೀಗಾಗಿ ಅಲ್ಲಿನ ಸಾಮಾನ್ಯ ರೈತನೂ ತನ್ನ ಹಿಂದಿನ ಹಲವು ತಲೆಮಾರುಗಳನ್ನು ಹುಡುಕಬಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ರೈತರ ಮಕ್ಕಳು ಎಲ್ಲಿ ಹುಡುಕಬೇಕು?

ನಮ್ಮ ನಾಡಿನಲ್ಲಿ ಈ ಕೆಲಸಕ್ಕೆಂದೇ ಹೆಳವರಿದ್ದಾರೆ. ಎತ್ತಿನ ಮೇಲೆ ಊರೂರು ತಿರುಗಿ, ಒಕ್ಕಲು ಮನೆಯ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ಮೊಮ್ಮಕ್ಕಳವರೆಗೆ ಹೆಸರು ಹೇಳಿ ದವಸ ಪಡೆಯುವುದು ಅವರ ಪರಂಪರೆ. ನಿಮ್ಮ ಮನೆಗೆ ಹೆಳವರು ಬರುವುದಾದರೆ ಅವರು ಹೇಳುವುದನ್ನು ತಪ್ಪದೆ ಬರೆದುಕೊಳ್ಳಿ.

ಎರಡನೆಯ ದಾರಿ ಜಮೀನಿನ ಕಾಗದಗಳದು. ಮೈಸೂರು ಸಂಸ್ಥಾನದ ಕಂದಾಯ ಮೋಜಣಿ 1863ರಲ್ಲಿ ಆರಂಭವಾಯಿತು. ಇಂದಿನ ಪಹಣಿಯಿಂದ ಸರ್ವೆ ನಂಬರು ತಿಳಿದುಕೊಂಡು, ತಾಲ್ಲೂಕು ಕಚೇರಿಯ ಹಳೆಯ ದಾಖಲೆಗಳಲ್ಲಿ ಹಿಂದೆ ಹಿಂದೆ ಹೋಗಿ. ತಂದೆ ತೀರಿಕೊಂಡು ಮಕ್ಕಳಿಗೆ ಪೌತಿ ಖಾತೆಯಾದಾಗ ಎರಡು ತಲೆಮಾರಿನ ಹೆಸರುಗಳು ಒಂದೇ ಕಡೆ ಸಿಗುತ್ತವೆ. ಎರಡು ಎಚ್ಚರಿಕೆಗಳಿರಲಿ. ಹಳೆಯ ಕಾಗದಗಳಲ್ಲಿ ಮಧುಗಿರಿ 'ಮದ್ದಗಿರಿ' ಆಗಿರುತ್ತದೆ. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ರೂಢಿಯಾದ್ದರಿಂದ ಇಬ್ಬರನ್ನು ಒಬ್ಬರೆಂದು ಎಣಿಸಬೇಡಿ.

ಸ್ವಂತ ಜಮೀನು ಇಲ್ಲದವರಿಗೂ ದಾರಿ ಇದೆ. 1974ರಲ್ಲಿ ಭೂಸುಧಾರಣೆ ಕಾನೂನು ತಿದ್ದುಪಡಿಯಾದ ಮೇಲೆ ಗೇಣಿದಾರರು ಭೂ ನ್ಯಾಯಮಂಡಳಿಗೆ 7ನೇ ನಮೂನೆಯ ಅರ್ಜಿ ಕೊಟ್ಟರು. ಕೂಲಿ ಮಾಡಿ ಬದುಕಿದವರ ಹೆಸರನ್ನು ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಹಳೆಯ ಮತದಾರರ ಪಟ್ಟಿಯಲ್ಲಿ ನೋಡಬಹುದು. ಶಾಲೆಯಲ್ಲಿರುವ ಜನ್ಮದಿನ ಮಾತ್ರ ಮೇಷ್ಟ್ರ ಅಂದಾಜಿನದಾಗಿರಬಹುದು.

ಕಾಗದ ಮುಗಿದಲ್ಲಿ ನೆನಪು ಶುರುವಾಗುತ್ತದೆ. "ಧಾತು ಈಶ್ವರದ ಬರದಾಗೆ ನಮ್ಮೋರು ಊರು ಬಿಟ್ಟು ಬಂದ್ರಂತೆ" ಎಂದು ಅಜ್ಜಿ ಹೇಳಿದರೆ ಅದನ್ನು ಬರಿಯ ಕಥೆಯೆಂದು ತಳ್ಳಿಹಾಕಬೇಡಿ. ಅದು 1876-78ರ ಮಹಾಕ್ಷಾಮ. ಆದರೆ ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. 1936ರಲ್ಲಿಯೂ ಧಾತು ಬಂದಿತ್ತು. ತಲೆಮಾರುಗಳನ್ನು ಎಣಿಸಿ ಸರಿಯಾದುದನ್ನು ಆರಿಸಬೇಕು. ಮನೆದೇವರು ಯಾವ ಊರಿನಲ್ಲಿದೆ ಎಂಬುದನ್ನೂ ಕೇಳಿ. ಹಿರಿಯರು ಹೊರಟುಬಂದ ಊರಿನ ಸುಳಿವು ಅಲ್ಲಿ ಸಿಗಬಹುದು.

ಈಗ ಮೊದಲ ಪ್ರಶ್ನೆಗೆ ಬರೋಣ. ಗಂಡಸರ ಹೆಸರು ಪಹಣಿಯಲ್ಲಿ ಉಳಿಯಿತು. ಹೆಂಗಸರ ಹೆಸರು ಎಲ್ಲಿ ಉಳಿಯಿತು? ಪಾವಗಡದ ಹಳ್ಳಿಯಿಂದ ಆಂಧ್ರದ ಮಡಕಶಿರಾ ಕಡೆಗೆ ಮದುವೆಯಾಗಿ ಹೋದ ಮಗಳು ಇಲ್ಲಿನ ಕಾಗದದಲ್ಲಿಲ್ಲ. ಅಲ್ಲಿನ ಕಾಗದದಲ್ಲಿ ಅವಳು ಬರಿಯ 'ಹೆಂಡತಿ'. ಇದು ಹೆಸರಿನ ಮಾತಷ್ಟೇ ಅಲ್ಲ. ಹಿಂದೂ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಆದರೂ ವಂಶವೃಕ್ಷ ಬರೆಸುವಾಗ ಅಕ್ಕತಂಗಿಯರ ಹೆಸರು ಬಿಟ್ಟುಹೋದರೆ ಅವರ ಹಕ್ಕು ಅಲ್ಲಿಂದಲೇ ಮರೆಯಾಗತೊಡಗುತ್ತದೆ. ಆದ್ದರಿಂದ ನೀವು ಬರೆಯುವ ವಂಶವೃಕ್ಷದಲ್ಲಿ ಪ್ರತಿ ತಾಯಿಯ ಹೆಸರು, ಅವಳ ತವರೂರು, ಪ್ರತಿ ಮಗಳ ಹೆಸರು ಇರಲಿ.

ಕಚೇರಿಯ ಕಾಗದ ನಾಳೆಯೂ ಇದ್ದೀತು. ಅಜ್ಜಿಯ ನೆನಪು ಕಾಯುವುದಿಲ್ಲ. ಈ ಭಾನುವಾರವೇ ಒಂದು ನೋಟುಪುಸ್ತಕ ಹಿಡಿದು ಅಜ್ಜಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಮೊದಲು ಕೇಳಿ: "ಅಜ್ಜಿ, ನಿಮ್ಮ ಅಮ್ಮನ ಹೆಸರೇನು?"