ತಂತಿ ಏಕೆ ಕಾಯುತ್ತದೆ?



ನಿಮ್ಮ ಮನೆಯ ವಿದ್ಯುತ್ ಉಪಕರಣ ಯಾವುದನ್ನಾದರೂ ತಿರುಗಿಸಿ ನೋಡಿ. ಬೆನ್ನಿಗೋ ಅಡಿಗೋ ಅಂಟಿಸಿದ ಪುಟ್ಟ ಚೀಟಿಯಲ್ಲಿ ಇಷ್ಟು ವೋಲ್ಟು, ಇಷ್ಟು ವಾಟು ಎಂದು ಬರೆದಿರುತ್ತದೆ. ಅದು ಅಂಗಡಿಯವರ ಲೆಕ್ಕವೆಂದು ನಾವು ಓದದೆ ಬಿಡುತ್ತೇವೆ. ಆದರೆ ಗುಣಾಕಾರ ಭಾಗಾಕಾರ ಬಲ್ಲವರಿಗೆ ಆ ಅಂಕಿಗಳಲ್ಲಿ ಮನೆಯ ಕ್ಷೇಮದ ವಿಚಾರವಿದೆ.

ಮಾಳಿಗೆಯ ಮೇಲಿನ ನೀರಿನ ತೊಟ್ಟಿಯನ್ನು ನೆನೆಯಿರಿ. ತೊಟ್ಟಿ ಎತ್ತರವಾದಷ್ಟೂ ಒತ್ತಡ ಹೆಚ್ಚು; ಕೊಳವೆ ಕಿರಿದಾದಷ್ಟೂ ಹರಿವು ಕಡಿಮೆ. ವಿದ್ಯುತ್ತಿನಲ್ಲಿ ಒತ್ತಡಕ್ಕೆ ವೋಲ್ಟು, ಹರಿವಿಗೆ ಆಂಪಿಯರು, ಅಡ್ಡಿಗೆ ಅಥವಾ ರೋಧಕ್ಕೆ ಓಮು ಅಳತೆ. ಜರ್ಮನಿಯ ಓಮ್ ಎಂಬ ಉಪಾಧ್ಯಾಯರು 1827ರಲ್ಲಿ ಪ್ರಕಟಿಸಿದ ನಿಯಮದಂತೆ, ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. ಅವೆರಡನ್ನೂ ಗುಣಿಸಿದರೆ ಸಿಗುವುದು ಶಕ್ತಿ, ಅಂದರೆ ವಾಟು.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟು. ಇಸ್ತ್ರಿ ಪೆಟ್ಟಿಗೆಯೊಂದು 5 ಆಂಪಿಯರು ಎಳೆಯುತ್ತದೆ ಎನ್ನೋಣ. ಭಾಗಿಸಿದರೆ ರೋಧ 46 ಓಮು. ಗುಣಿಸಿದರೆ 1150 ವಾಟು. ಸಂಜೆ ಒತ್ತಡ 180 ವೋಲ್ಟಿಗೆ ಇಳಿದರೆ ಹರಿವೂ ಇಳಿದು, ಶಕ್ತಿ ಸುಮಾರು 700 ವಾಟಿಗೆ ಬರುತ್ತದೆ. ಪೆಟ್ಟಿಗೆ ಕಾಯದಿರುವುದಕ್ಕೆ ಅದು ಕೆಟ್ಟಿರಲೇಬೇಕೆಂದಿಲ್ಲ. ಕಾಯಿಸುವ ಉಪಕರಣಗಳಿಗೆ ಈ ಲೆಕ್ಕ ನೇರವಾಗಿ ಹೊಂದುತ್ತದೆ. ಫ್ಯಾನು ಮುಂತಾದ ಮೋಟಾರುಗಳಲ್ಲಿ ತುಸು ವ್ಯತ್ಯಾಸವುಂಟು.

ಹರಿವು ಎರಡರಷ್ಟಾದರೆ ತಂತಿಯ ಶಾಖ ನಾಲ್ಕರಷ್ಟಾಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು 90 ಮೈಲಿಗೂ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದಾಗ ಬಹು ಹೆಚ್ಚಿನ ವೋಲ್ಟನ್ನು ಬಳಸಿದ್ದು ಇದಕ್ಕಾಗಿಯೇ. ಒತ್ತಡ ಹೆಚ್ಚಾದರೆ ಅಷ್ಟೇ ಶಕ್ತಿಗೆ ಹರಿವು ಕಡಿಮೆ ಸಾಕು. ದಾರಿಯಲ್ಲಿ ಶಾಖವಾಗಿ ಹೋಗುವ ನಷ್ಟವೂ ಕಡಿಮೆ.

ಇನ್ನು ಸ್ನಾನದ ಮನೆಗೆ ಬನ್ನಿ. ಅಲ್ಲಿಯ 2000 ವಾಟಿನ ಗೀಸರು 8 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಪ್ಲಗ್ಗಿನೊಳಗೆ ತಂತಿಯ ಸೇರುವೆ ಸಡಿಲಗೊಂಡು ಅರ್ಧ ಓಮಿನ ರೋಧ ಉಂಟಾಯಿತೆನ್ನಿ. ಆ ಒಂದು ಚುಕ್ಕೆಯಲ್ಲೇ ಸುಮಾರು 36 ವಾಟು ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಸಣ್ಣ ಬೆಸುಗೆ ಕಡ್ಡಿಯಷ್ಟು! ಅದೇ ಸೇರುವೆಯಲ್ಲಿ 60 ವಾಟಿನ ಬಲ್ಬು ಉರಿಸಿದರೆ ಅದರ ಸಾವಿರದಲ್ಲೊಂದು ಪಾಲಿನಷ್ಟು ಶಾಖವೂ ಇಲ್ಲ. ಗೀಸರಿನ ಹರಿವು ಎಂದಿನಷ್ಟೇ ಇರುವುದರಿಂದ ಫ್ಯೂಸು ಹೋಗುವುದಿಲ್ಲ. ಬೆಂಕಿಗೆ ಮೊದಲು ಎಚ್ಚರಿಸುವವು ಸುಟ್ಟ ವಾಸನೆ, ಕಂದಿದ ಪ್ಲಗ್ಗು, ಕೈಗೆ ತಾಗುವ ಬಿಸಿ. ಅವು ಕಂಡರೆ ಮುಖ್ಯ ಸ್ವಿಚ್ಚನ್ನು ಆರಿಸಿ, ಕೆಲಸ ಬಲ್ಲವರನ್ನು ಕರೆಸಿ.

ಪದೇ ಪದೇ ಫ್ಯೂಸು ಹೋಗುತ್ತದೆಂದು ದಪ್ಪ ತಂತಿ ಕಟ್ಟುವುದು, ಕೂಗುವ ಕಾವಲುಗಾರನ ಬಾಯಿ ಕಟ್ಟಿದಂತೆ. ಆಮೇಲೆ ಕರಗುವುದು ಗೋಡೆಯೊಳಗಿನ ತಂತಿ.

ಒಂದು ಲೆಕ್ಕವನ್ನು ಮನೆಯವರೆಲ್ಲ ನೆನಪಿಡಿ. 6 ಆಂಪಿಯರಿನ ಸಣ್ಣ ಸಾಕೆಟ್ಟು ತಾಳುವುದು 230ನ್ನು 6ರಿಂದ ಗುಣಿಸಿದಷ್ಟು, ಅಂದರೆ 1380 ವಾಟು. ಅದಕ್ಕೆ ಸೇರಿಸುವ ಉಪಕರಣಗಳ ವಾಟುಗಳನ್ನು ಕೂಡಿಸಿ ನೋಡಿ. ಮೊತ್ತ ಇದನ್ನು ಮೀರಿದರೆ ಒಂದನ್ನು ತೆಗೆಯಿರಿ. ಗೀಸರಿಗೆ 16 ಆಂಪಿಯರಿನ ದೊಡ್ಡ ಸಾಕೆಟ್ಟನ್ನೇ ಹಾಕಿಸಿ.