ಟ್ರಂಕಿನ ತಳದ ಕಾಗದ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಖಾತೆಯ ತಕರಾರು ಹುಟ್ಟಿದರೆ ಮೇಲ್ಮನವಿ ಬಂದು ಸೇರುವುದು ಹುಣಸೂರಿನ ಉಪವಿಭಾಗಾಧಿಕಾರಿಗಳ ಕಚೇರಿಗೆ. ಇಂಥ ವಿಚಾರಣೆಗೆ ಹೊರಟ ರೈತರ ಕಂಕುಳಲ್ಲಿ ಸಾಮಾನ್ಯವಾಗಿ ಬಟ್ಟೆಯಂಗಡಿಯ ಒಂದು ಕವರಿರುತ್ತದೆ. ಒಳಗೆ ಒಂದೇ ಪಹಣಿಯ ಐದು ಜೆರಾಕ್ಸು, ಆಧಾರಿನ ಹತ್ತು ಜೆರಾಕ್ಸು, ಎರಡು ವರ್ಷದ ಕರೆಂಟ್ ಬಿಲ್ಲು. ವಕೀಲರು ಕೇಳುವ ಕಾಗದ ಮಾತ್ರ ಅಟ್ಟದ ಮೇಲಿನ ಟ್ರಂಕಿನಲ್ಲಿ ಉಳಿದಿರುತ್ತದೆ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಒಲೆಗೆ ಹಾಕಬಹುದು? ಕಾಗದ ಹೊಸದೋ ಹಳೆಯದೋ ಎಂದು ನೋಡಿ ಇದನ್ನು ತೀರ್ಮಾನಿಸುವವರೇ ಹೆಚ್ಚು. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇದು ಕಳೆದುಹೋದರೆ ಕಚೇರಿ ಮತ್ತೆ ಕೊಡುತ್ತದೆಯೇ?

ಪಹಣಿಯನ್ನೇ ನೋಡಿ. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಇವತ್ತು ನಾಡಕಚೇರಿಯಲ್ಲಿ ಸರ್ವೆ ನಂಬರು ಹೇಳಿದರೆ ನಿಮಿಷದಲ್ಲಿ ಹೊಸ ಪ್ರತಿ ಸಿಗುತ್ತದೆ. ಜಾತಿ ಪ್ರಮಾಣಪತ್ರವೂ ಹಾಗೆಯೇ, ಅದರ ಆರ್‌ಡಿ ನಂಬರು ಬರೆದಿಟ್ಟುಕೊಂಡರೆ ಅರ್ಧ ನೆಮ್ಮದಿ. ನೋಂದಣಿಯಾದ ಕ್ರಯಪತ್ರದ ಮೂಲವನ್ನು ಜೋಪಾನವಾಗಿಡಲೇಬೇಕು, ಆದರೂ ಅದು ಹೋದರೆ ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ನಕಲು ಪಡೆಯುವ ದಾರಿಯಿದೆ.

ದರಖಾಸ್ತಿನಲ್ಲಿ ಮಂಜೂರಾದ ಜಮೀನಿನ ಸಾಗುವಳಿ ಚೀಟಿಯ ಕಥೆಯೇ ಬೇರೆ. ಅದರ ನಕಲು ಸಿಗಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮಂಜೂರಾತಿಯ ಮೂಲ ಕಡತ ಇರಬೇಕು; ಇದ್ದರೂ ಗೆದ್ದಲು ಹಿಡಿದಿರಬಾರದು. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸವನ್ನು ಸರ್ಕಾರ ಕೈಗೆತ್ತಿಕೊಂಡದ್ದು ತೀರ ಈಚೆಗೆ. 1974ರ ಭೂಸುಧಾರಣೆಯಲ್ಲಿ ನಮೂನೆ 7ರ ಅರ್ಜಿ ಹಾಕಿ, ಭೂನ್ಯಾಯಮಂಡಳಿಯ ಮುಂದೆ ಗೆದ್ದು, ನಮೂನೆ 10 ಪಡೆದ ಗೇಣಿದಾರರ ಮನೆಗಳಿಗೂ ಇದೇ ಮಾತು. ಅದೇ 1974ರ ಹೊತ್ತಿಗೆ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿಯಿತು. ಊರು ಮುಳುಗಿ ಬೇರೆಡೆ ನೆಲೆ ನಿಂತ ಕೋಟೆ ತಾಲ್ಲೂಕಿನ ಕುಟುಂಬಗಳಿಗೆ ಅಂದು ಕೊಟ್ಟ ಮಂಜೂರಾತಿ ಕಾಗದವೇ ಹೊಸ ಜಮೀನಿನ ಬುಡ. ಇಂಥವನ್ನು ಪಂಚಾಂಗದ ನಡುವೆ ಮಡಿಸಿಟ್ಟರೆ ಐವತ್ತು ವರ್ಷದಲ್ಲಿ ಹರಿಯುವುದು ಮಡಿಕೆಯಲ್ಲೇ. ಸರ್ವೆ ನಂಬರೂ ಸರಿಯಾಗಿ ಆ ಮಡಿಕೆಯ ಮೇಲೇ ಇರುತ್ತದೆ!

ಅವಧಿ ಮುಗಿದ ಕಾಗದಕ್ಕೆ ಬೆಲೆಯಿಲ್ಲ ಎನ್ನುವ ಮಾತನ್ನು ನಾಗರಹೊಳೆ ಅಂಚಿನ ಹಾಡಿಗಳು ಸುಳ್ಳು ಮಾಡಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಜಮೀನು ಕೇಳುವ ಜೇನುಕುರುಬರು 2005ರ ಡಿಸೆಂಬರ್ 13ಕ್ಕೆ ಮೊದಲೇ ಅಲ್ಲಿದ್ದೆವೆಂದು ತೋರಿಸಬೇಕು, ಅದಕ್ಕೆ ಕನಿಷ್ಠ ಎರಡು ಸಾಕ್ಷ್ಯ ಬೇಕು. ಹಿರಿಯರ ಬರೆದುಕೊಂಡ ಹೇಳಿಕೆಯನ್ನೂ ನಿಯಮ ಒಪ್ಪುತ್ತದೆ. ಜೊತೆಗೆ, ಎಂದೋ ರದ್ದಾದ ರೇಷನ್ ಕಾರ್ಡು, ಹಳೆಯ ಮತದಾರರ ಚೀಟಿ, ಮನೆಗಂದಾಯದ ರಸೀದಿಯೂ ನಡೆಯುತ್ತದೆ. ಹೊಸ ಕಾರ್ಡು ಬಂತೆಂದು ಹಳೆಯದನ್ನು ಹರಿದವರು ಹಕ್ಕಿನ ಒಂದು ತುಂಡನ್ನೇ ಹರಿದಂತಾಯಿತು.

ಸಾಲದ ಕಾಗದ ಹಾಗಲ್ಲ, ತೀರಿದ ಮೇಲೆ ಕರಗಿಸಬಹುದು. ಸೊಸೈಟಿಯ ಬೆಳೆಸಾಲ ಕಟ್ಟಿದ ರಸೀದಿಗಳ ಕಟ್ಟಿಗಿಂತ ಒಂದು ಬೇಬಾಕಿ ಪತ್ರ ಮೇಲು. ಅದನ್ನು ಕೊಟ್ಟು ಪಹಣಿಯ 11ನೇ ಕಾಲಮ್ಮಿನಿಂದ ಸಾಲದ ನಮೂದು ತೆಗೆಸಿದ್ದಾಗಿದೆಯೇ ಎಂದು ನೋಡಿಕೊಂಡರೆ ಉಳಿದ ಚೀಟಿಗಳಿಗೆ ಕೆಲಸವಿಲ್ಲ. ಹಳೆಯ ಕರೆಂಟ್ ಬಿಲ್ಲು, ಫೋನಿನ ಬಿಲ್ಲು, ಜೆರಾಕ್ಸಿನ ಜೆರಾಕ್ಸು ಇವೂ ಹೋಗಲಿ. ತಂಬಾಕು ಬೆಳೆಗಾರರು ತಂಬಾಕು ಮಂಡಳಿಯ ಬ್ಯಾರನ್ ಲೈಸೆನ್ಸಿನ ಕಾಗದಗಳನ್ನು ಮಾತ್ರ ಈ ರಾಶಿಗೆ ಸೇರಿಸಬಾರದು.

ಇನ್ನು ಲ್ಯಾಮಿನೇಷನ್ ಎಂಬ ಹುಚ್ಚು. ಮೀಟರ್ ರೀಡರ್ ಕೊಡುವ ಬಿಲ್ಲು, ಎಟಿಎಂ ಚೀಟಿ ಇವೆಲ್ಲ ಶಾಖಕ್ಕೆ ಕಪ್ಪಾಗುವ ಕಾಗದ. ಲ್ಯಾಮಿನೇಷನ್ ಯಂತ್ರದ ಬಿಸಿಗೆ ಪೂರ್ತಿ ಕರಿ ಹಾಳೆಯಾಗಿ ಹೊರಬರುತ್ತವೆ. ಬೇಕೇ ಬೇಕೆಂದರೆ ಅಕ್ಷರ ಮಾಸುವ ಮೊದಲೇ ಜೆರಾಕ್ಸ್ ಮಾಡಿಸಬೇಕು. ಹಳೆಯ ಪತ್ರಗಳಿಗೂ ಪ್ಲಾಸ್ಟಿಕ್ ಅಂಟಿಸಬಾರದು. ಅದನ್ನು ಬಿಡಿಸಲು ಹೋದರೆ ಮೊಹರು, ಸಹಿ ಎಲ್ಲ ಕಿತ್ತುಬರುತ್ತದೆ. ಒಂದು ಪತ್ರಕ್ಕೆ ಒಂದು ಗಟ್ಟಿ ಲಕೋಟೆ, ಮೇಲೆ ಪೆನ್ಸಿಲಿನಲ್ಲಿ ಸರ್ವೆ ನಂಬರು ಮತ್ತು ಇಸವಿ, ಟ್ರಂಕಿಗೆ ನೆಲದಿಂದ ಒಂದಡಿ ಎತ್ತರದ ಹಲಗೆ. ಇಷ್ಟಕ್ಕೆ ಒಂದು ಭಾನುವಾರ ಸಾಕು.

ಮನೆಯ ಯಜಮಾನ ಕಣ್ಮುಚ್ಚಿದ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕುವವರು ಬೇರೆಯವರು, ಕಾಗದ ಎಲ್ಲಿದೆಯೆಂದು ತಿಳಿದಿರಬೇಕಾದವರೂ ಅವರೇ. 2005ರ ತಿದ್ದುಪಡಿಯ ನಂತರ ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ಈ ಭಾನುವಾರ ಟ್ರಂಕು ಕೆಳಗಿಳಿಸುವವರು ಅದರ ಬೀಗದ ಕೈ ಎಲ್ಲಿದೆಯೆಂದು ಮಗಳಿಗೂ ತೋರಿಸಿರಲಿ.