ಇನ್ನೊಬ್ಬರು ಓಡಿಸಿದ ಎಂಜಿನ್

ಹಳೆಯ ಕಾರನ್ನು ಇಟ್ಟುಕೊಂಡವನಿಗೆ ಊರಿನಲ್ಲಿ ಎರಡು ಬಗೆಯ ಮರ್ಯಾದೆ. ಎದುರಿಗೆ ಸಿಕ್ಕವರು, ‘ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ’ ಎನ್ನುತ್ತಾರೆ. ಬೆನ್ನು ತಿರುಗಿದ ಮೇಲೆ, ‘ಹೊಸದು ಕೊಳ್ಳಲು ಕೈ ಬಾರದು’ ಎನ್ನುತ್ತಾರೆ. ನನ್ನ ಮಟ್ಟಿಗೆ ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ.

ನನ್ನದು ಪ್ರೀಮಿಯರ್ ಪದ್ಮಿನಿ. ತಂದೆಯವರು 1978ರಲ್ಲಿ ಕೊಂಡದ್ದು. ಇಟಲಿಯ ಫಿಯಟ್ 1100ರ ಮಾದರಿಯನ್ನು ಅನುಸರಿಸಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಕಾರು. 1974ರಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂದರೂ ನಮ್ಮ ಕಡೆಯ ಜನ ಅದನ್ನು ಫಿಯಟ್ ಎಂದೇ ಕರೆದರು. ತಂದೆಯವರು ಪ್ರತಿದಿನ ಬೆಳಿಗ್ಗೆ, ಪತ್ರಿಕೆ ಬಿಡಿಸುವುದಕ್ಕೂ ಮೊದಲು, ಬಾನೆಟ್ ಎತ್ತಿ ರೇಡಿಯೇಟರಿನ ನೀರು ನೋಡುವರು. ಆಯಿಲಿನ ಕಡ್ಡಿಯನ್ನು ಎಳೆದು, ಹಳೆಯ ಪಂಚೆಯ ಚೂರಿನಿಂದ ಒರೆಸಿ, ಮತ್ತೆ ಅದ್ದಿ ನೋಡುವರು. ನನಗದು ಮುದುಕರ ಚಪಲವೆಂದು ತೋರುತ್ತಿತ್ತು. ಅವರು ತೀರಿಕೊಂಡ ಮೇಲೆ ಕಾರು ನನ್ನ ಪಾಲಿಗೆ ಬಂತು. ಆ ಅಭ್ಯಾಸ ಬರಲಿಲ್ಲ.

2012ರ ಬೇಸಿಗೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಏರಿನಲ್ಲಿ ಅದರ ಫಲವನ್ನು ಉಂಡೆ. ಬಿಸಿಯ ವಾಸನೆ ಮೂಗಿಗೆ ತಟ್ಟಿತ್ತು. ಎಂಜಿನ್ನಿನ ಶಕ್ತಿ ಕುಂದಿದ್ದೂ ಕಾಲಿಗೆ ತಿಳಿದಿತ್ತು. ‘ಇನ್ನೊಂದು ತಿರುವು’ ಎಂದುಕೊಂಡೆ. ಆ ತಿರುವಿನಲ್ಲೇ ಅದು ನಿಂತಿತು.

ಮೈಸೂರಿಗೆ ಎಳೆಸಿ ತಂದಾಗ ನಮ್ಮ ಮೇಸ್ತ್ರಿ ಬಿಚ್ಚಿ ನೋಡಿ ಹೇಳಿದ: “ಹೆಡ್ ಮಾತ್ರ ಸೊಟ್ಟಗಾಗಿದ್ರೆ ಸಾಣೆ ಹಿಡಿಸ್ಬೋದಾಗಿತ್ತು. ಬ್ಲಾಕೇ ಬಿರುಕು ಬಿಟ್ಟಿದೆ ಮೇಷ್ಟ್ರೇ. ಒಂದು ಚೊಂಬು ನೀರಿಗೆ ಎಂಜಿನ್ ಕಳಕೊಂಡ್ರಿ.”

ಪದ್ಮಿನಿಯ ತಯಾರಿಕೆ 2001ಕ್ಕೇ ನಿಂತಿತ್ತು. ಉಳಿದ ದಾರಿ ಒಂದೇ: ಇನ್ನೊಬ್ಬರು ಓಡಿಸಿದ ಎಂಜಿನ್ನನ್ನು ಹುಡುಕಿ ತರುವುದು. ಸ್ನೇಹಿತರೊಬ್ಬರು, ಅದೇ ಕಂಪನಿಯ 118 ಎನ್.ಇ. ಕಾರಿನ ನಿಸ್ಸಾನ್ ಎಂಜಿನ್ ಕೂರಿಸಿಬಿಡಿ, ಹಾರಿಕೊಂಡು ಹೋಗುತ್ತದೆ ಎಂದರು. ಮೇಸ್ತ್ರಿ ಒಪ್ಪಲಿಲ್ಲ. ಹೊಂದಾಣಿಕೆ ಎಂಬ ಮಾತನ್ನು ಅದುವರೆಗೆ ನಾನು ಮದುವೆಯ ಮಾತುಕತೆಯಲ್ಲಿ ಮಾತ್ರ ಕೇಳಿದ್ದೆ. ಎಂಜಿನ್ನು ಗೇರ್‌ಬಾಕ್ಸಿಗೆ ಸೇರುವಲ್ಲಿ ಬೋಲ್ಟಿನ ತೂತುಗಳು ಎದುರುಬದುರಾಗಬೇಕು; ಕ್ಲಚ್ ಪ್ಲೇಟಿನ ಹಲ್ಲು ಗೇರ್‌ಬಾಕ್ಸಿನ ದಂಡಕ್ಕೆ ಕೂರಬೇಕು; ಭಾರ ಹೊರುವ ಮೌಂಟಿಂಗುಗಳು ಚಾಸಿಯ ಜಾಗಕ್ಕೇ ಬರಬೇಕು; ರೇಡಿಯೇಟರಿನ ಕೊಳವೆ, ಸೈಲೆನ್ಸರಿನ ಬಾಯಿ ಎಲ್ಲವೂ ಒಪ್ಪಬೇಕು. ಒಂದು ತಪ್ಪಿದರೆ ಕತ್ತರಿಸುವುದು, ಬೆಸೆಯುವುದು; ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದು ಕೆಡುವುದು. ಅದೇ 1089 ಸಿ.ಸಿ.ಯ ಎಂಜಿನ್ನೇ ಬೇಕೆಂದು ತೀರ್ಮಾನವಾಯಿತು.

ಇಬ್ಬರೂ ಬೆಂಗಳೂರಿನ ಗುಜರಿ ಅಂಗಡಿಗಳನ್ನು ಅಲೆದೆವು. ಒಂದು ಕಡೆ ಬೆಳ್ಳಿಯ ಬಣ್ಣ ಬಳಿದು ಮದುಮಗನಂತೆ ಕೂರಿಸಿದ್ದ ಎಂಜಿನ್ ಕಂಡು ನಾನು ಮರುಳಾದೆ. ಮೇಸ್ತ್ರಿ ಬ್ಲಾಕಿನ ಮೇಲೆ ಸಂಖ್ಯೆ ಇರಬೇಕಾದ ಜಾಗವನ್ನು ಹೆಬ್ಬೆರಳಿನಿಂದ ಸವರಿ, ನನ್ನ ಬೆರಳನ್ನೂ ಹಿಡಿದು ಅಲ್ಲಿಟ್ಟ. ಅರ ತಾಕಿದ ನುಣುಪು. ಸಂಖ್ಯೆಯಿಲ್ಲದ ಎಂಜಿನ್ ಎಲ್ಲಿಂದ ಬಂತೆಂದು ಪೊಲೀಸರು ಕೇಳಿದರೆ ಉತ್ತರ ಹೇಳಬೇಕಾದವನು ಕೊಂಡವನು. ಮಾತಿಲ್ಲದೆ ಹೊರಗೆ ಬಂದೆವು.

ಎರಡನೆಯ ದಿನ ಸಿಕ್ಕ ಎಂಜಿನ್ ಇನ್ನೂ ತನ್ನ ಕಾರಿನಲ್ಲೇ ಇತ್ತು. ಹಿಂದಿನಿಂದ ಗುದ್ದಿಸಿಕೊಂಡು ಬಿಚ್ಚಲಿಕ್ಕೆ ಬಂದಿದ್ದ ಕಾರು, ಮೈಯೆಲ್ಲ ಧೂಳು. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನಂಥ ಬಿಳಿಯ ಲೇಪವಿದ್ದರೆ ನೀರು ಆಯಿಲಿಗೆ ಸೇರಿದೆ ಎಂದರ್ಥ; ಇರಲಿಲ್ಲ. ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿದಾಗ ತುದಿಗಳು ತಿಳಿಕಂದು. ಎಣ್ಣೆಮಸಿ ಹಿಡಿದಿದ್ದರೆ ಸಿಲಿಂಡರು ಆಯಿಲ್ ಕುಡಿಯುತ್ತಿದೆ ಎಂದು ತಿಳಿಯಬೇಕು. ಪ್ಲಗ್ಗಿನ ತೂತಿಗೆ ಗೇಜು ಹಿಡಿದು ಒತ್ತಡ ಅಳೆದರೆ ಮೂರು ಸಿಲಿಂಡರುಗಳು ಸಮ, ನಾಲ್ಕನೆಯದು ಸ್ವಲ್ಪ ಕಡಮೆ. ಮೇಸ್ತ್ರಿ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದ. ಒತ್ತಡ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ದೋಷ ವಾಲ್ವಿನದು ಎಂಬುದು ಅವರ ಲೆಕ್ಕ. ಏರಲಿಲ್ಲ. “ವಾಲ್ವ್ ಉಜ್ಜಿದ್ರೆ ಸರಿಹೋಗ್ತದೆ, ಬಿಡಿ” ಎಂದ.

ಇವೆಲ್ಲ ಮೇಸ್ತ್ರಿಯ ಪರೀಕ್ಷೆಗಳು. ನನ್ನ ಪರೀಕ್ಷೆ ಬೇರೆಯೇ ಆಯಿತು. ಬಾನೆಟ್ಟಿನ ಒಳಮೈಯಲ್ಲಿ ಒಂದು ರಟ್ಟಿನ ಚೀಟಿಯನ್ನು ತಂತಿಯಿಂದ ಬಿಗಿದಿದ್ದರು. ಆಯಿಲ್ ಬದಲಿಸಿದ ತಾರೀಖು, ಓಡಿದ ಕಿಲೋಮೀಟರು, ಎದುರಿಗೆ ಪುಟ್ಟದೊಂದು ಸಹಿ. ಸಾಲುಗಳು ಓರಣವಾಗಿದ್ದವು, ಮೇಲಿನ ಅಕ್ಷರ ಗಟ್ಟಿ, ಕೆಳಗೆ ಬಂದಂತೆ ಕೈ ನಡುಗಿದ ಅಕ್ಷರ. ಆದರೂ ಒಂದು ಸಾಲೂ ತಪ್ಪಿರಲಿಲ್ಲ. ಅದನ್ನು ಓದುತ್ತ ನಿಂತಾಗ ಪಂಚೆಯ ಚೂರು ಹಿಡಿದ ನಮ್ಮ ತಂದೆಯವರ ಕೈ ಕಣ್ಣ ಮುಂದೆ ಬಂತು. ಹೆಚ್ಚು ಚೌಕಾಶಿ ಮಾಡಲು ಮನಸ್ಸಾಗಲಿಲ್ಲ, ಅಂಗಡಿಯವನು ರೂ. 18,000 ಎಂದದ್ದನ್ನು ಮೇಸ್ತ್ರಿಯೇ 15,000ಕ್ಕೆ ಇಳಿಸಿದ. ಎಂಜಿನ್ ಸಂಖ್ಯೆ ಬರೆದ ರಸೀತಿಯನ್ನೂ ಆ ಕಾರಿನ ಆರ್.ಸಿ.ಯ ಪ್ರತಿಯನ್ನೂ ಕೇಳಿ ಪಡೆದೆವು. ಚೀಟಿಯನ್ನು ನಾನು ಕೇಳಿದಾಗ ಅಂಗಡಿಯವನು ನಕ್ಕು ಕೊಟ್ಟ.

ಕೇಳುಗರಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕೈಹಾಕುವುದಾದರೆ ಒಂದು ಮಾತು. ಎಂಜಿನ್ ಕೂರಿಸಿದೊಡನೆ ಕೆಲಸ ಮುಗಿಯುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಆರ್.ಟಿ.ಓ. ಕಚೇರಿಯ ಅನುಮತಿ ಪಡೆದು ಬದಲಾವಣೆ ಮಾಡಿ, 14 ದಿನಗಳೊಳಗೆ ವರದಿ ಒಪ್ಪಿಸಿ ಆರ್.ಸಿ.ಯಲ್ಲಿ ದಾಖಲು ಮಾಡಿಸಬೇಕು. ವಿಮೆಯವರಿಗೂ ತಿಳಿಸಬೇಕು. ಇಲ್ಲದಿದ್ದರೆ ನೋಂದಣಿ ನವೀಕರಿಸುವ ದಿನ ಕಾಗದ ಒಂದು ಸಂಖ್ಯೆ ಹೇಳಿದರೆ ಕಬ್ಬಿಣ ಇನ್ನೊಂದನ್ನು ಹೇಳುತ್ತದೆ. ನಮ್ಮ ಆರ್.ಸಿ.ಯಲ್ಲಿ ಹೊಸ ಸಂಖ್ಯೆ ಬಂದ ದಿನ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು. ಚಾಸಿಯ ಸಂಖ್ಯೆ ಮಾತ್ರ ತಂದೆಯವರ ಕಾಲದ್ದೇ ಉಳಿದಿದೆ.

ಮುಂಬಯಿಯ ರಸ್ತೆಗಳನ್ನು ದಶಕಗಳ ಕಾಲ ತುಂಬಿದ್ದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ, ಇಪ್ಪತ್ತು ವರ್ಷದ ವಯೋಮಿತಿ ಮುಗಿದು, ಕಣ್ಮರೆಯಾದವು. ಇಂಥ ಎಂಜಿನ್ನುಗಳು ಇನ್ನು ಮುಂದೆ ಗುಜರಿಯಲ್ಲೂ ಅಪರೂಪವಾಗಬಹುದು. ಇನ್ನೊಮ್ಮೆ ನನಗೆ ಸಿಗುತ್ತದೆಂಬ ಧೈರ್ಯವಿಲ್ಲ.

ಹಳೆಯ ಎಂಜಿನ್ ಕೊಳ್ಳುವವನು ಕಬ್ಬಿಣವನ್ನು ಮಾತ್ರ ಕೊಳ್ಳುವುದಿಲ್ಲ. ಕಾಣದ ಒಬ್ಬರ ಜೋಪಾನವನ್ನೋ ಅಸಡ್ಡೆಯನ್ನೋ ಅದರೊಡನೆ ಮನೆಗೆ ತರುತ್ತಾನೆ. ನನ್ನ ಅಸಡ್ಡೆಯಿಂದ ಹೋದದ್ದನ್ನು ಯಾರದೋ ಜೋಪಾನ ತುಂಬಿಕೊಟ್ಟಿತು. ಆ ಚೀಟಿಯನ್ನು ನಮ್ಮ ಬಾನೆಟ್ಟಿನ ಒಳಗೇ ಕಟ್ಟಿದ್ದೇನೆ. ಅವರ ಕೊನೆಯ ಸಾಲಿನ ಕೆಳಗಿನಿಂದ ನನ್ನ ಅಕ್ಷರ ಮೊದಲಾಗುತ್ತದೆ. ಬೆಳಿಗ್ಗೆ ಪತ್ರಿಕೆ ಬಿಡಿಸುವುದಕ್ಕೂ ಮೊದಲು ನೀರು ನೋಡುತ್ತೇನೆ. ಕಡ್ಡಿ ಒರೆಸಲು ಹಳೆಯ ಪಂಚೆಯ ಚೂರೊಂದನ್ನು ಇಟ್ಟುಕೊಂಡಿದ್ದೇನೆ.